ಮೆಂಟರ್ ಡೈರಿಯಲ್ಲಿ ಇಲ್ಲದ ಕಾಲಂ: ಉತ್ತರ ಕನ್ನಡದ ಕಾಲೇಜುಗಳಲ್ಲಿ ಶೈಕ್ಷಣಿಕ ಸಲಹೆ ಎಂಬ ಸೇವೆ ಹೇಗಿದೆ?

ಹೋಟೆಲಿನ ಇಡ್ಲಿ ಗಟ್ಟಿಯಾದರೆ ಮೂರು ಸಾಲು ಬರೆದು ಒಂದು ಸ್ಟಾರ್ ಕೊಡುವ ನಾವು, ಮೂರು ವರ್ಷದ ಓದಿಗೆ ದಾರಿ ತೋರಿಸಬೇಕಾದ ಮೆಂಟರ್ (ವಿದ್ಯಾರ್ಥಿಗೆ ಗೊತ್ತುಮಾಡಿದ ಸಲಹೆಗಾರ ಅಧ್ಯಾಪಕ) ವ್ಯವಸ್ಥೆಯನ್ನು ಅಳೆಯಲು ಹೋಗುವುದೇ ಇಲ್ಲ. ಫೀ ರಸೀದಿಯಲ್ಲಿ ಅದಕ್ಕೊಂದು ಪ್ರತ್ಯೇಕ ಬಾಬ್ತು ಇಲ್ಲವಲ್ಲ, ಅದಕ್ಕೇ ಇರಬೇಕು. ಪುಕ್ಕಟೆ ಸಿಕ್ಕಿದ್ದಕ್ಕೆ ತಕರಾರು ಯಾಕೆ ಎನ್ನುವ ಭಾವ. ಆದರೆ ತಪ್ಪು ಸಲಹೆಯ ಬೆಲೆ ಒಂದು ವರ್ಷ, ಕೆಲವೊಮ್ಮೆ ಎರಡು.

ಇಲ್ಲಿ ಅಳೆದಿರುವುದು ಯಾವುದೋ ಒಂದು ಕಾಲೇಜನ್ನಲ್ಲ, ವ್ಯವಸ್ಥೆಯನ್ನು. ಕಾರವಾರದಿಂದ ಭಟ್ಕಳದವರೆಗೆ, ಮೇಲೆ ಶಿರಸಿ–ಸಿದ್ದಾಪುರ–ಯಲ್ಲಾಪುರದಲ್ಲಿ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಓದುವವರ ವಿಶ್ವವಿದ್ಯಾಲಯ ಧಾರವಾಡದಲ್ಲಿದೆ. ಇಂಜಿನಿಯರಿಂಗಿನವರದು ಬೆಳಗಾವಿಯಲ್ಲಿ, ಕಾನೂನಿನವರದು ಹುಬ್ಬಳ್ಳಿಯಲ್ಲಿ. ಕರಾವಳಿಯ ಹುಡುಗನಿಗೆ ನಿಯಮ ಮಾಡುವವರೆಲ್ಲ ಅರಬೈಲ್ ಘಟ್ಟದ ಆಚೆ. ಅಲ್ಲಿ ಆದ ನಿಯಮ ಹೊತ್ತಿಗೆ ಸರಿಯಾಗಿ, ಅರ್ಥವಾಗುವ ಮಾತಿನಲ್ಲಿ ಕೆಳಗಿಳಿಯುತ್ತದೆಯೇ? ಸಲಹಾ ಸೇವೆಯ ಪರೀಕ್ಷೆ ಇಷ್ಟೇ.

ವಿದ್ಯಾರ್ಥಿಗೆ ಸಲಹೆ ಸಿಗುವ ಕಿಟಕಿಗಳು ಮೂರು: ಮೆಂಟರ್, ಕಾಲೇಜಿನ ಆಫೀಸು, ಪೇಟೆಯ ಸೈಬರ್ ಸೆಂಟರ್. ಸಲಹೆಗಾರ ಎಂಬ ಹೆಸರು ಇರುವುದು ಮೊದಲನೆಯದಕ್ಕೆ. ಕೆಲಸ ಗೊತ್ತಿರುವುದು ಎರಡನೆಯದಕ್ಕೆ. ಹುಡುಗರು ಸಾಲು ಹಚ್ಚುವುದು ಮಾತ್ರ ಮೂರನೆಯದರ ಮುಂದೆ.

ಮೆಂಟರ್: ಐದಕ್ಕೆ ಎರಡು

ಸೆಮಿಸ್ಟರಿನ ಮೊದಲ ತಿಂಗಳಲ್ಲಿ ನೋಟಿಸ್ ಬೋರ್ಡಿಗೆ ಪಟ್ಟಿ ಬರುತ್ತದೆ. ಇಂತಿಂಥ ರೋಲ್ ನಂಬರಿಗೆ ಇಂಥ ಮೇಡಂ, ಇಂಥ ಸರ್. ಕಾಗದದಲ್ಲಿ ಒಬ್ಬರಿಗೆ ಇಪ್ಪತ್ತೋ ಮೂವತ್ತೋ ವಿದ್ಯಾರ್ಥಿಗಳು. ಅಧ್ಯಾಪಕರು ಕಡಿಮೆ ಇರುವ ಬಿ.ಕಾಂ. ವಿಭಾಗದಲ್ಲಿ ಒಂದಿಡೀ ಸೆಕ್ಷನ್ನೇ ಒಬ್ಬರ ಪಾಲಿಗೆ ಬಂದರೂ ಆಶ್ಚರ್ಯವಿಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ಮೆಂಟರ್–ವಿದ್ಯಾರ್ಥಿ ಅನುಪಾತದ ದಾಖಲೆ ತೋರಿಸಬೇಕಾಗುತ್ತದೆ. ಹಾಗಾಗಿ ಈ ಪಟ್ಟಿ ಎಲ್ಲಿಯೂ ತಪ್ಪುವುದಿಲ್ಲ.

ತಪ್ಪುವುದು ಮುಂದಿನ ಹಂತದಲ್ಲಿ. ಮೆಂಟರ್ ಡೈರಿ ಎಂಬ ಪುಸ್ತಕವನ್ನು ಬಿಡಿಸಿ ನೋಡಿ. ತಂದೆಯ ಹೆಸರು, ಉದ್ಯೋಗ, ವಾರ್ಷಿಕ ಆದಾಯ, ರಕ್ತದ ಗುಂಪು, ಹಾಜರಾತಿ, ಐ.ಎ. (ಆಂತರಿಕ ಪರೀಕ್ಷೆ) ಅಂಕ, ಪಾಲಕರ ಸಹಿ. ಎಲ್ಲವೂ ಆಗಿಹೋದ ಸಂಗತಿಗಳು. ‘ಪದವಿ ಮುಗಿಸಿ ಏನು ಮಾಡಬೇಕೆಂದಿದ್ದೀಯ? ಅದಕ್ಕೆ ಯಾವ ವಿಷಯ, ಎಷ್ಟು ಶೇಕಡಾ ಬೇಕು?’ ಎಂಬ ಕಾಲಂ ಇರುವ ಡೈರಿ ಅಪರೂಪ. ಬಾಕಿ ಉಳಿದ ಪೇಪರ್ ಯಾವ ಸೆಮಿಸ್ಟರಿನದು, ಅದರ ಮುಂದಿನ ಪರೀಕ್ಷೆ ಯಾವಾಗ ಎಂದು ಬರೆಯಲೂ ಜಾಗವಿಲ್ಲ. ಡೈರಿಯಲ್ಲಿ ಕಾಲಂ ಇಲ್ಲದ್ದನ್ನು ಯಾರೂ ಕೇಳುವುದಿಲ್ಲ.

ಆ ಕಾಲಂ ಯಾಕೆ ಬೇಕು ಎಂಬುದಕ್ಕೆ ನಾಲ್ಕು ಉದಾಹರಣೆ ಸಾಕು. ಬಿ.ಕಾಂ. ಮುಗಿಸಿದವರು ಸಿ.ಎ. ಫೌಂಡೇಷನ್ ಬರೆಯದೆ ನೇರ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು, ಆದರೆ ಪದವಿಯಲ್ಲಿ ಶೇ. 55 ಇರಬೇಕು. ವಾಣಿಜ್ಯೇತರ ಪದವೀಧರರಿಗೆ ಶೇ. 60. ಇದನ್ನು ಆರನೇ ಸೆಮಿಸ್ಟರಿನಲ್ಲಿ ತಿಳಿಸಿದರೆ ಉಪಯೋಗವಿಲ್ಲ, ಮೊದಲ ಎರಡು ಸೆಮಿಸ್ಟರಿನಲ್ಲಿ ಕಳೆದುಕೊಂಡ ಅಂಕ ಅಷ್ಟರಲ್ಲಿ ಸರಾಸರಿಯೊಳಗೆ ಕೂತಾಗಿರುತ್ತದೆ. ಬಿ.ಎಡ್.ಗೆ ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಶೇ. 50 ಬೇಕು. ಮೂರು ವರ್ಷದ ಎಲ್‌ಎಲ್.ಬಿ.ಗೆ ಶೇ. 45 ಸಾಕು. ಇನ್ನು ಬಿ.ಎಸ್ಸಿ.ಯಲ್ಲಿ ಗಣಿತ ಕಷ್ಟವೆಂದು ಕಾಂಬಿನೇಷನ್ ಬದಲಿಸಿದ ಹುಡುಗಿಗೆ ಮುಂದೆ ಭೌತಶಾಸ್ತ್ರದ ಎಂ.ಎಸ್ಸಿ. ಬೇಕೆನಿಸಿದರೆ, ಪದವಿಯಲ್ಲಿ ಗಣಿತ ಓದಿರಬೇಕೆನ್ನುವ ವಿಶ್ವವಿದ್ಯಾಲಯಗಳ ಬಾಗಿಲು ಅವಳಿಗೆ ಮುಚ್ಚಿರುತ್ತದೆ. ಅವಳು ಕಾಂಬಿನೇಷನ್ ಬದಲಿಸಿದ ಆ ಹತ್ತು ನಿಮಿಷದಲ್ಲಿ ಮೆಂಟರ್ ಪಕ್ಕದಲ್ಲಿರಬೇಕಿತ್ತು. ಪಟ್ಟಿ ಬರುವುದು ಅದಾಗಿ ಒಂದು ತಿಂಗಳಿಗೆ.

ಸೇವೆಯ ದೊಡ್ಡ ದೋಷ ಇಲ್ಲಿದೆ. ಮೆಂಟರಿಂಗ್ ಶುರುವಾಗುವುದು ಪ್ರವೇಶ ಮುಗಿದ ಮೇಲೆ, ತೀರ್ಮಾನ ಆಗುವುದು ಪ್ರವೇಶದ ದಿನ. ಪಿ.ಯು. ಫಲಿತಾಂಶ ಬಂದು ಪ್ರವೇಶ ನಡೆಯುವ ವಾರಗಳಲ್ಲಿ ಕಾಲೇಜಿನ ಕಾರಿಡಾರಿನಲ್ಲಿ ಒಂದು ಮೇಜು, ಅಲ್ಲಿ ಪ್ರತಿ ವಿಭಾಗದ ಒಬ್ಬರು, ಎದುರಿಗೆ ‘ಈ ಕಾಂಬಿನೇಷನ್ ತೆಗೆದುಕೊಂಡರೆ ಮುಂದೆ ಇವಿಷ್ಟು, ಇವು ಸಿಗುವುದಿಲ್ಲ’ ಎಂಬ ಒಂದು ಹಾಳೆ. ಇಷ್ಟು ಮಾಡುವ ಕಾಲೇಜು ಸಿಕ್ಕರೆ ಉಳಿದದ್ದೆಲ್ಲ ಕಡಿಮೆಯಿದ್ದರೂ ನಡೆಯುತ್ತದೆ. ‘ಸಿಗುವುದಿಲ್ಲ’ ಎಂಬ ಅರ್ಧವನ್ನು ಬರೆಯುವ ಧೈರ್ಯ ಮುಖ್ಯ. ಸೀಟು ತುಂಬಬೇಕಾದ ವಿಭಾಗ ತನ್ನ ವಿಷಯದ ಮಿತಿಯನ್ನು ತಾನೇ ಹೇಳುವುದು ಸುಲಭವಲ್ಲ.

ಮೆಂಟರುಗಳ ಮೇಲೆ ಪೂರ್ತಿ ಹೊರೆ ಹಾಕುವುದೂ ನ್ಯಾಯವಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರು ಮತ್ತು ಪ್ರಾಧ್ಯಾಪಕರಿಗೆ 14 ಗಂಟೆ ನೇರ ಬೋಧನೆ. ಪರೀಕ್ಷೆ, ಮೌಲ್ಯಮಾಪನ, ನ್ಯಾಕ್ ಕಡತ, ಎನ್ನೆಸ್ಸೆಸ್ ಎಲ್ಲ ಅದರ ಮೇಲೆ. ಸರ್ಕಾರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಹೊರುವವರು ಅತಿಥಿ ಉಪನ್ಯಾಸಕರು. ಅವರ ನೇಮಕ ವರ್ಷ ವರ್ಷದ್ದು. ಅಂದರೆ ಮೊದಲ ವರ್ಷ ವಿದ್ಯಾರ್ಥಿಯ ಮನೆ, ಮನಸ್ಸು ಅರಿತ ಮೆಂಟರ್ ಎರಡನೇ ವರ್ಷ ಬೇರೆ ತಾಲೂಕಿನಲ್ಲಿರಬಹುದು. ಡೈರಿ ಮುಂದಿನವರ ಕೈಗೆ ಹೋಗುತ್ತದೆ, ಮಾತು ಹೋಗುವುದಿಲ್ಲ.

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಸಲಹೆ ಕೊಡುವುದೇ ಒಂದು ಪ್ರತ್ಯೇಕ ಪೂರ್ಣಾವಧಿ ನೌಕರಿ. ಅಲ್ಲಿನ ಸಲಹೆಗಾರರ ಸಂಘ ನಕಾಡಾ 2011ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಒಬ್ಬ ಸಲಹೆಗಾರನ ಪಾಲಿನ ವಿದ್ಯಾರ್ಥಿಗಳ ಮಧ್ಯಾಂಕ (ಏರಿಕೆಯಲ್ಲಿ ಜೋಡಿಸಿದರೆ ನಡುವೆ ಬರುವ ಸಂಖ್ಯೆ) 296. ನಮ್ಮ ಇಪ್ಪತ್ತು–ಮೂವತ್ತರ ಎದುರು ಅದು ಭಯಂಕರವಾಗಿ ಕಾಣುತ್ತದೆ. ಆದರೆ ಅವರಿಗೆ ಬೇರೆ ಕೆಲಸವಿಲ್ಲ, ಕೈಯಲ್ಲಿ ಮಾಹಿತಿಯಿದೆ. ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ 2012ರಿಂದ 800ಕ್ಕೂ ಹೆಚ್ಚು ಅಪಾಯದ ಸೂಚನೆಗಳನ್ನು ಕಂಪ್ಯೂಟರಿನಲ್ಲಿ ಗಮನಿಸುತ್ತದೆ. ವಿದ್ಯಾರ್ಥಿ ತನ್ನ ಪದವಿಗೆ ಬೇಡದ ಕೋರ್ಸಿಗೆ ಹೆಸರು ಹಚ್ಚಿದರೆ, ಮುಖ್ಯ ವಿಷಯದ ಮೊದಲ ಪೇಪರಿನಲ್ಲೇ ಅಂಕ ಇಳಿದರೆ ಸಲಹೆಗಾರನಿಗೆ ಗೊತ್ತಾಗುತ್ತದೆ, ಅವನೇ ಕರೆದು ಕೂರಿಸುತ್ತಾನೆ. ನಮ್ಮಲ್ಲಿ ಅನುಪಾತ ಚೆನ್ನಾಗಿದೆ, ಗಂಟೆ ಬಾರಿಸುವವರಿಲ್ಲ.

ಆಫೀಸು: ಐದಕ್ಕೆ ಮೂರೂವರೆ

ಓದುವವರಿಗೆ ಇಷ್ಟವಾಗಲಿಕ್ಕಿಲ್ಲ, ಆದರೂ ಹೇಳಬೇಕು: ಜಿಲ್ಲೆಯ ಹೆಚ್ಚಿನ ಕಾಲೇಜುಗಳಲ್ಲಿ ನಿಯಮವನ್ನು ಅಕ್ಷರಶಃ ಬಲ್ಲವರು ಪರೀಕ್ಷಾ ವಿಭಾಗದ ಗುಮಾಸ್ತರು. ಧಾರವಾಡದಿಂದ ಸುತ್ತೋಲೆ ಬಂದರೆ ಮೊದಲು ಓದುವವರು ಅವರು. ಯಾವ ಪೇಪರ್ ಕೋಡ್ ಯಾವ ಸ್ಕೀಮಿನದು (ಪಠ್ಯಕ್ರಮ ಪದ್ಧತಿಯದು), ಹಳೆಯ ಸ್ಕೀಮಿನ ಬ್ಯಾಕ್ (ಬಾಕಿ ಪೇಪರ್) ಬರೆಯುವವನಿಗೆ ಅರ್ಜಿ ಎಲ್ಲಿಂದ ತುಂಬಬೇಕು, ಇವೆಲ್ಲ ಅವರಿಗೆ ಬಾಯಿಪಾಠ.

ಇದು ಈಗ ಇನ್ನಷ್ಟು ಮುಖ್ಯವಾಗಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು: ನಾಲ್ಕು ವರ್ಷದ ಆನರ್ಸ್, ಓಪನ್ ಇಲೆಕ್ಟಿವ್ (ಬೇರೆ ವಿಭಾಗದಿಂದ ಆರಿಸುವ ವಿಷಯ), ನಡುವೆ ಹೊರಬೀಳುವ ಅವಕಾಶ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು. 2024-25ರಿಂದ ಸೇರಿದವರಿಗೆ ಹೊಸ ರಚನೆ, ಅದರ ಹಿಂದಿನ ಮೂರು ಬ್ಯಾಚಿಗೆ ಹಳೆಯದು. ಒಂದೇ ಕಟ್ಟಡದಲ್ಲಿ ಎರಡು ಪದ್ಧತಿ. ‘ನಮ್ಮ ಅಣ್ಣ ಹೀಗೆ ಮಾಡಿದ್ದ’ ಎಂಬ ಮಾತು ನಂಬಿ ನಡೆದವರು ಎಡವುವುದು ಇಲ್ಲೇ. ಸೀನಿಯರ್ ಹೇಳಿದ್ದು ಅವನ ಸ್ಕೀಮಿಗೆ ನಿಜ, ನಿಮ್ಮದಕ್ಕೆ ಅಲ್ಲ. ಯಾರ ಸಲಹೆ ಕೇಳಿದರೂ ಮೊದಲ ಪ್ರಶ್ನೆ ‘ನಿಮ್ಮದು ಯಾವ ವರ್ಷದ ಪ್ರವೇಶ?’ ಎಂದಿರಲಿ.

ಆಫೀಸಿನ ಕೊರತೆ ಏನೆಂದರೆ, ಕೇಳಿದ್ದಕ್ಕಷ್ಟೇ ಉತ್ತರ. ‘ಸರ್, ರಿವ್ಯಾಲ್ಯುಯೇಷನ್‌ಗೆ ಕೊನೆ ದಿನ ಯಾವಾಗ?’ ಎಂದರೆ ದಿನಾಂಕ ಸಿಗುತ್ತದೆ. ‘ಹಾಕಬೇಕೋ ಬೇಡವೋ?’ ಎಂದರೆ ‘ಅದು ನಿಮ್ಮಿಷ್ಟ’. ಈ ಎರಡನೇ ಪ್ರಶ್ನೆ ಮೆಂಟರಿನದು. ಸರಿಯಾದ ಕ್ರಮ ಹೀಗೆ: ಮೊದಲು ಉತ್ತರ ಪತ್ರಿಕೆಯ ಫೋಟೊಕಾಪಿಗೆ ಅರ್ಜಿ, ಪ್ರತಿ ಕೈಗೆ ಬಂದ ದಿನವೇ ಆ ವಿಷಯದ ಅಧ್ಯಾಪಕರ ಎದುರು ಕೂತು ಪುಟ ಪುಟ ನೋಡುವುದು. ಒಟ್ಟು ಕೂಡಿದ್ದು ತಪ್ಪಿದೆಯೇ, ಯಾವುದಾದರೂ ಉತ್ತರಕ್ಕೆ ಅಂಕ ಹಾಕದೆ ಬಿಟ್ಟಿದ್ದಾರೆಯೇ, ಅಥವಾ ಉತ್ತರವೇ ಪೇಲವವೇ? ಮೊದಲ ಎರಡಾದರೆ ಅರ್ಜಿ ಹಾಕಿ, ಮೂರನೆಯದಾದರೆ ಆ ದುಡ್ಡು ಪುಸ್ತಕಕ್ಕೆ. ನಡುವೆ ಸಿಗುವ ದಿನಗಳು ಕೆಲವೇ. ಅಧ್ಯಾಪಕರು ಆ ವಾರ ಮೌಲ್ಯಮಾಪನಕ್ಕೆ ಧಾರವಾಡಕ್ಕೆ ಹೋಗಿದ್ದರೆ ಇಡೀ ಕ್ರಮ ಕುಸಿಯುತ್ತದೆ, ಆದ್ದರಿಂದ ಫೋಟೊಕಾಪಿ ಬರುವ ಮೊದಲೇ ಅವರ ಹತ್ತಿರ ಸಮಯ ಕೇಳಿಟ್ಟುಕೊಳ್ಳಬೇಕು.

ಆಫೀಸಿಗೆ ಹೋಗುವ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಬೆಳಿಗ್ಗೆ ಕಾಲೇಜು ಶುರುವಾಗುವ ಹೊತ್ತಿಗೆ ಕೌಂಟರಿನ ಮುಂದೆ ಜಾತ್ರೆ, ಸಂಜೆ ಹಳ್ಳಿ ಬಸ್ಸು ಹಿಡಿಯುವವರ ಗಡಿಬಿಡಿ. ಮಧ್ಯಾಹ್ನ ಊಟ ಮುಗಿದ ಮೇಲಿನ ಒಂದು ಗಂಟೆ ಪ್ರಶಸ್ತ. ಖಾಲಿ ಕೈಯಲ್ಲಿ ಹೋಗಬೇಡಿ: ನೋಂದಣಿ ಸಂಖ್ಯೆ, ಹಿಂದಿನ ಎಲ್ಲ ಮಾರ್ಕ್ಸ್ ಕಾರ್ಡುಗಳ ನಕಲು, ಕಟ್ಟಿದ ಶುಲ್ಕದ ರಸೀದಿ.

ಸೈಬರ್ ಸೆಂಟರ್: ಸಲಹೆಗೆ ಐದಕ್ಕೆ ಒಂದು, ಟೈಪಿಂಗಿಗೆ ನಾಲ್ಕು

ಪ್ರವೇಶ, ವಿಷಯ ಆಯ್ಕೆ, ಪರೀಕ್ಷಾ ಅರ್ಜಿ, ಹಾಲ್ ಟಿಕೆಟ್, ಫಲಿತಾಂಶ, ಎಲ್ಲವೂ ಈಗ ಯುಯುಸಿಎಂಎಸ್ ಎಂಬ ರಾಜ್ಯದ ಒಂದೇ ಪೋರ್ಟಲಿನಲ್ಲಿ. ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯವನು ಐದು ನಿಮಿಷದಲ್ಲಿ ತುಂಬಿ ಕೊಡುತ್ತಾನೆ. ಅಲ್ಲಿ ಆಗುವ ತಪ್ಪುಗಳು ಎಲ್ಲ ಊರಲ್ಲೂ ಒಂದೇ ಬಗೆಯವು. ಒಟಿಪಿಗೆ ಅಂಗಡಿಯವನದೇ ಮೊಬೈಲ್ ನಂಬರ್ ಕೊಡುವುದು, ಆರು ತಿಂಗಳ ಮೇಲೆ ಲಾಗಿನ್ ಆಗದೆ ಅವನನ್ನೇ ಹುಡುಕುವುದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಕೊನೆಗೆ, ಆಧಾರಿನಲ್ಲಿ ಅಡ್ಡಹೆಸರು ಪೂರ್ತಿ. ಹೆಗಡೆ, ಭಟ್ಟ, ನಾಯ್ಕ, ಗೌಡ ಎಂಬ ಅಡ್ಡಹೆಸರುಗಳನ್ನು ಇಂಗ್ಲಿಷಿನಲ್ಲಿ ಒಂದೊಂದು ಕಡೆ ಒಂದೊಂದು ರೀತಿ ಬರೆಯುವ ನಮ್ಮ ಜಿಲ್ಲೆಯಲ್ಲಿ ಇದು ನಿತ್ಯದ ಗೋಳು. ಹೆಸರು ಹೊಂದದಿದ್ದರೆ ಡಿಜಿಲಾಕರ್ ಮೂಲಕ ಮಾಡುವ ಎಬಿಸಿ ಐಡಿ, ಅಂದರೆ ಕ್ರೆಡಿಟ್ ಖಾತೆಯ 12 ಅಂಕಿಯ ಸಂಖ್ಯೆ, ಅಂಕಪಟ್ಟಿಗೆ ಜೋಡಣೆಯಾಗುವಾಗ ತೊಡಕು. ಮೂಲ ದಾಖಲೆಯಾಗಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಹಿಡಿದು, ಆಧಾರನ್ನು ಅದಕ್ಕೆ ತಕ್ಕಂತೆ ತಿದ್ದಿಸುವುದು ಸುಲಭದ ದಾರಿ. ಇದನ್ನು ಮೊದಲ ಸೆಮಿಸ್ಟರಿನಲ್ಲೇ ಮುಗಿಸಿ.

ವಿಷಯ ಆಯ್ಕೆಯ ಪುಟದಲ್ಲಿ ಭಾಷೆ ಮತ್ತು ಐಚ್ಛಿಕವನ್ನು ಅಂಗಡಿಯವನು ತನಗೆ ತೋಚಿದಂತೆ ಒತ್ತುವುದು ಎಲ್ಲಕ್ಕಿಂತ ದುಬಾರಿ ತಪ್ಪು. ತರಗತಿಯಲ್ಲಿ ಹಿಂದಿಗೆ ಕೂತವನ ಹಾಲ್ ಟಿಕೆಟಿನಲ್ಲಿ ಸಂಸ್ಕೃತ ಬಂದಿರುತ್ತದೆ. ತಿದ್ದುಪಡಿ ವಿದ್ಯಾರ್ಥಿಯ ಕೈಯಲ್ಲಿಲ್ಲ, ಕಾಲೇಜಿನ ಲಾಗಿನ್ನಿನಿಂದ ಆಗಬೇಕು, ಗಡುವು ದಾಟಿದರೆ ವಿಶ್ವವಿದ್ಯಾಲಯದ ಮಟ್ಟಕ್ಕೆ ಹೋಗಬೇಕು. ಅರ್ಜಿ ಒಪ್ಪಿಸುವ ಮೊದಲು ಪ್ರಿಂಟ್ ತೆಗೆಸಿ, ಪ್ರತಿ ಪೇಪರಿನ ಕೋಡನ್ನು ಮೆಂಟರ್ ಅಥವಾ ಆಫೀಸಿನವರ ಹತ್ತಿರ ಟಿಕ್ ಹಾಕಿಸಿಕೊಳ್ಳಿ. ಮಳೆಗಾಲದಲ್ಲಿ ಗಡುವಿನ ಕೊನೆಯ ದಿನದವರೆಗೆ ಕಾಯುವುದಂತೂ ಬೇಡ. ಜಿಲ್ಲಾಧಿಕಾರಿ ಶಾಲೆ–ಕಾಲೇಜಿಗೆ ರಜೆ ಕೊಡುತ್ತಾರೆ, ಪೋರ್ಟಲಿಗೆ ಯಾರೂ ರಜೆ ಕೊಡುವುದಿಲ್ಲ. ಜೋಯಿಡಾದ ಒಳಹಳ್ಳಿಯಲ್ಲಿ ಕರೆಂಟ್ ಹೋದರೆ ನೆಟ್‌ವರ್ಕೂ ಅದರ ಹಿಂದೆಯೇ.

ಇಂಜಿನಿಯರಿಂಗ್ ಕಡೆ ಸ್ವಲ್ಪ ವಾಸಿ

ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕಾಲೇಜುಗಳಲ್ಲಿ ಪ್ರಾಕ್ಟರ್ ಪದ್ಧತಿ, ಅಂದರೆ ಅಲ್ಲಿನ ಮೆಂಟರ್ ವ್ಯವಸ್ಥೆ, ಹೆಚ್ಚು ಬಿಗಿ. ಕಾರಣ, ಅಲ್ಲಿ ಎಣಿಸಲು ಸ್ಪಷ್ಟ ಸಂಖ್ಯೆಗಳಿವೆ. ಹಾಜರಾತಿ ಶೇ. 85, ಸಕಾರಣವಿದ್ದರೆ ಶೇ. 10ರವರೆಗೆ ಮನ್ನಾ. 2022ರ ಸ್ಕೀಮಿನಲ್ಲಿ ಒಟ್ಟು 160 ಕ್ರೆಡಿಟ್. ಆಂತರಿಕ 50ರಲ್ಲಿ 20 ಬಾರದಿದ್ದರೆ ಸೆಮಿಸ್ಟರ್ ಪರೀಕ್ಷೆಗೆ ಕೂರುವ ಹಾಗಿಲ್ಲ. ಪರೀಕ್ಷೆಯಲ್ಲಿ ಕನಿಷ್ಠ ಶೇ. 35, ಎರಡೂ ಸೇರಿ 100ಕ್ಕೆ 40. ಮೊದಲ ಆಂತರಿಕ ಪರೀಕ್ಷೆಯ ಅಂಕ ನೋಡಿದ ಪ್ರಾಕ್ಟರ್ ಅಪಾಯದಲ್ಲಿರುವವರ ಪಟ್ಟಿಯನ್ನು ಅಂದೇ ಮಾಡಬಹುದು. ಒಳ್ಳೆಯವರು ಮಾಡುತ್ತಾರೆ ಕೂಡ.

ಮರೆತುಹೋಗುವುದು ಚಟುವಟಿಕೆ ಅಂಕ, ಅಂದರೆ ಪಾಠದ ಹೊರಗಿನ ಸೇವಾ ಕೆಲಸಕ್ಕೆ ಸಿಗುವ ಪಾಯಿಂಟ್. ಮೊದಲ ವರ್ಷಕ್ಕೆ ಸೇರಿದವರಿಗೆ 100, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರಿಗೆ 75 ಪಾಯಿಂಟ್. ಇದು ಸಿಜಿಪಿಎಗೆ (ಒಟ್ಟು ಗ್ರೇಡ್ ಸರಾಸರಿಗೆ) ಸೇರುವುದಿಲ್ಲ, ಹಾಗಾಗಿ ಯಾರಿಗೂ ಲಕ್ಷ್ಯವಿಲ್ಲ. ಆದರೆ ಪೂರೈಸದಿದ್ದರೆ ಪದವಿ ಕೈಗೆ ಬರುವುದಿಲ್ಲ. ಎಂಟನೇ ಸೆಮಿಸ್ಟರಿನಲ್ಲಿ ಕಡಲತೀರ ಸ್ವಚ್ಛತೆಯ ಫೋಟೊ ಹುಡುಕುತ್ತ ಓಡಾಡುವ ತಂಡಗಳನ್ನು ಹುಟ್ಟಿಸುವುದು ಇದೇ.

ಐಐಟಿಗಳು ಆನ್‌ಲೈನಿನಲ್ಲಿ ನಡೆಸುವ ಎನ್‌ಪಿಟಿಇಎಲ್ ಕೋರ್ಸಿನ ಸಲಹೆಯೂ ಅರ್ಧಂಬರ್ಧ ಸಿಗುತ್ತದೆ. ಪ್ರಮಾಣಪತ್ರಕ್ಕೆ ಅಸೈನ್‌ಮೆಂಟಿನ 25ರಲ್ಲಿ 10, ಪರೀಕ್ಷೆಯ 75ರಲ್ಲಿ 30, ಎರಡೂ ಬರಬೇಕು. 12 ವಾರದ ಕೋರ್ಸಿನಲ್ಲಿ ಉತ್ತಮವಾದ ಎಂಟು ಅಸೈನ್‌ಮೆಂಟ್ ಲೆಕ್ಕಕ್ಕೆ. ಪರೀಕ್ಷೆಗೆ ಖುದ್ದಾಗಿ ಕೇಂದ್ರಕ್ಕೆ ಹೋಗಬೇಕು, ಶಿರಸಿಯವರಿಗೆ ಅದು ಹುಬ್ಬಳ್ಳಿಯಾದರೆ ಒಂದು ದಿನ ಕೈಬಿಟ್ಟ ಲೆಕ್ಕ. ಎಲ್ಲಕ್ಕಿಂತ ಮೊದಲು, ಆ ಕೋರ್ಸಿನ ಕ್ರೆಡಿಟ್ಟನ್ನು ವಿಶ್ವವಿದ್ಯಾಲಯ ಒಪ್ಪುತ್ತದೆಯೇ ಎಂದು ಹೆಸರು ಹಚ್ಚುವ ಮೊದಲೇ ಲಿಖಿತವಾಗಿ ಕೇಳಬೇಕು. ಮುಗಿಸಿದ ಮೇಲೆ ಕೇಳಿದರೆ ಗೋಡೆಗೆ ಹಾಕುವ ಸರ್ಟಿಫಿಕೇಟ್ ಮಾತ್ರ ಉಳಿದೀತು.

ವಿದ್ಯಾರ್ಥಿವೇತನದ ಸಲಹೆ

ಇದನ್ನು ಶೈಕ್ಷಣಿಕ ಸಲಹೆಯಿಂದ ಬೇರೆಯಿಡುವ ಅಭ್ಯಾಸವಿದೆ, ತಪ್ಪು. ಫೀ ಕಟ್ಟಲಾಗದೆ ಪರೀಕ್ಷೆ ತಪ್ಪಿಸಿದವನಿಗೆ ಪಠ್ಯದ ಸಲಹೆ ಕೊಟ್ಟು ಏನು ಮಾಡುವುದು? 2021ರಲ್ಲಿ ಬಂದ ರಾಜ್ಯದ ವಿದ್ಯಾರ್ಥಿವೇತನ ಯೋಜನೆ ರೈತ ವಿದ್ಯಾನಿಧಿಯಲ್ಲಿ ಬಿ.ಎ., ಬಿ.ಎಸ್ಸಿ., ಬಿ.ಕಾಂ.ಗೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ ಎಂದು ನಿಗದಿಯಾಗಿತ್ತು. ಮುಂದೆ ಅದನ್ನು ಮೀನುಗಾರರ ಮಕ್ಕಳಿಗೂ ವಿಸ್ತರಿಸಿದರು, ಬೈತಖೋಲದಿಂದ ಮುರ್ಡೇಶ್ವರದವರೆಗೆ ಗೊತ್ತಿರಬೇಕಾದ ಸಂಗತಿ. ರೈತರ ಮಕ್ಕಳಿಗೆ ತಂದೆ ಅಥವಾ ತಾಯಿಯ ಫ್ರೂಟ್ಸ್ ಐಡಿ (ರಾಜ್ಯದ ರೈತ ನೋಂದಣಿ ಸಂಖ್ಯೆ) ಬೇಕು. ನಮ್ಮಲ್ಲಿ ತೋಟದ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇರುವ ಮನೆಗಳು ಬಹಳ, ಅರಣ್ಯ ಅತಿಕ್ರಮಣದ ಜಮೀನಿಗೆ ಪಹಣಿಯೇ ಇಲ್ಲ. ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕಿ ದುಡ್ಡು ಬರದಿದ್ದರೆ ಮೊದಲು ನೋಡಬೇಕಾದ್ದು ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ. ಖಾತೆಗೆ ಆಧಾರ್ ಕೊಟ್ಟಿದ್ದರೆ ಸಾಲದು, ಯಾವ ಆಧಾರಿಗೆ ಯಾವ ಬ್ಯಾಂಕಿಗೆ ಹಣ ಹೋಗಬೇಕೆಂದು ಇಡುವ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ಆ ಬ್ಯಾಂಕೇ ಇರಬೇಕು. ಎರಡು ಬ್ಯಾಂಕಿನಲ್ಲಿ ಖಾತೆಯಿದ್ದರೆ ಹಣ ಎಲ್ಲೋ ಹಳೆಯ ಖಾತೆಗೆ ಹೋಗಿ ಕೂತಿರುತ್ತದೆ. ಇದನ್ನು ಪರೀಕ್ಷಿಸಿ ಹೇಳುವ ಮೆಂಟರ್ ಇದ್ದರೆ ಅವರಿಗೆ ಐದಕ್ಕೆ ಐದು.

ಕೊನೆಯ ಸೆಮಿಸ್ಟರ್

ಕಾರವಾರದವರು ಮುಂದಿನ ಓದಿಗೆ ಗೋವಾದತ್ತ ನೋಡುತ್ತಾರೆ, ಹೊನ್ನಾವರ–ಭಟ್ಕಳದವರು ಮಂಗಳೂರಿನತ್ತ. ಕೋಡಿಬಾಗದಲ್ಲೇ ಇರುವ ಸಾಗರ ಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗದ ಬಗ್ಗೆ ಪ್ರಾಣಿಶಾಸ್ತ್ರ ಓದಿದ ಕರಾವಳಿಯ ಹುಡುಗರಿಗೆ ಹೇಳದಿರುವುದು ಸಲಹೆಯ ಲೋಪಗಳಲ್ಲೇ ವಿಚಿತ್ರವಾದದ್ದು. ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ ಟಿ.ಸಿ. ಜೊತೆಗೆ ಮೈಗ್ರೇಷನ್ ಸರ್ಟಿಫಿಕೇಟ್ ಬೇಕು. ಘಟಿಕೋತ್ಸವಕ್ಕೆ ಮೊದಲಾದರೆ ತಾತ್ಕಾಲಿಕ ಪದವಿ ಪ್ರಮಾಣಪತ್ರ ಬೇಕು. ಅಂಕಪಟ್ಟಿಯಲ್ಲಿ ಬರೀ ಸಿಜಿಪಿಎ ಇದ್ದು ಅಲ್ಲಿಯವರು ಶೇಕಡಾ ಕೇಳಿದರೆ, ಪರಿವರ್ತನೆಯ ಪತ್ರವನ್ನು ತಮ್ಮ ವಿಶ್ವವಿದ್ಯಾಲಯದಿಂದಲೇ ತರಬೇಕು, ಮೊಬೈಲಿನ ಕ್ಯಾಲ್ಕುಲೇಟರ್ ಲೆಕ್ಕ ಯಾರೂ ಒಪ್ಪುವುದಿಲ್ಲ.

ಕಾರವಾರದಿಂದ ಧಾರವಾಡಕ್ಕೆ ಸುಮಾರು 160 ಕಿ.ಮೀ., ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ಒಂದು ಕಾಗದ ಕಡಿಮೆಯಾದರೂ ಮತ್ತೊಂದು ಸುತ್ತು. ಹೊರಡುವ ಮೊದಲು ಕಾಲೇಜಿನ ಆಫೀಸಿನಲ್ಲಿ ಕೂತು ಅರ್ಜಿ ನಮೂನೆ, ಚಲನ್, ಆರೂ ಸೆಮಿಸ್ಟರಿನ ಅಂಕಪಟ್ಟಿಗಳ ದೃಢೀಕೃತ ನಕಲು ಎರಡು ಸೆಟ್, ಗುರುತಿನ ಚೀಟಿ, ಪ್ರಾಚಾರ್ಯರ ಸಹಿ–ಸೀಲು ಎಲ್ಲ ತಾಳೆ ನೋಡಿ. ಶನಿವಾರ ಹೋಗಬೇಡಿ, ಸಹಿ ಮಾಡುವವರು ಸಿಗದಿದ್ದರೆ ಸೋಮವಾರದವರೆಗೆ ಅಲ್ಲೇ ಉಳಿಯಬೇಕಾದೀತು.